ಒಂದೇ ಡಾವಿನ ಪೈಲ್ವಾನ

ಒಟ್ಟು ಎಷ್ಟು ಕುಸ್ತಿ ಹಿಡಿದಿರಿ, ಎಷ್ಟು ಗೆದ್ದಿರಿ ಅಂತ ಜನ ಕೇಳುತ್ತಾರೆ. ನನ್ನ ಹತ್ತಿರ ಲೆಕ್ಕವಿಲ್ಲ. ಜಾತ್ರೆ ಕುಸ್ತಿಗೆ ಯಾರೂ ದಫ್ತರ ಇಡುವುದಿಲ್ಲ. ಮನೆಯಲ್ಲಿ ಎರಡು ಗದೆ, ಒಂದು ಬೆಳ್ಳಿ ಕಡಗ, ಟ್ರಂಕಿನ ತುಂಬ ಗೆದ್ದವನ ತಲೆಗೆ ಸುತ್ತುವ ಪಟಗ ಇವೆ. ಕನ್ನಡಿಯಲ್ಲಿ ನೋಡಿದರೆ ಕುಸ್ತಿಯಲ್ಲಿ ಉಜ್ಜಿ ಮುದುಡಿಹೋದ ಎರಡು ಕಿವಿ. ಅಷ್ಟೇ ಪುರಾವೆ. ಆದರೆ ನಿಮಗೆ ಎಷ್ಟು ಡಾವು ಬರುತ್ತಿದ್ದವು ಅಂದರೆ ಯೋಚನೆ ಮಾಡದೆ ಹೇಳುತ್ತೇನೆ: ಒಂದು. ಘಿಸ್ಸಾ. ಮೈಸೂರು ಕಡೆಯವರು ಪಟ್ಟು ಅನ್ನುವುದನ್ನೇ ನಾವು ಡಾವು ಅನ್ನುತ್ತೇವೆ.

ನಮ್ಮದು ಚಿಕ್ಕೋಡಿ ಭಾಗದ ಗಡಿಹಳ್ಳಿ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ. ಎಕ್ಸಂಬಾ ನಮಗೆ ಸೈಕಲ್ ಹಾದಿ. ಆ ಊರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಲಾಪುರಕ್ಕೆ ಹೋಗಿ ತಯಾರಾಗಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ, ಕುಸ್ತಿಯ ದೊಡ್ಡ ಬಿರುದಾದ ಹಿಂದ್ ಕೇಸರಿ ಆದರು. ಅಜ್ಜ ಆ ಕುಸ್ತಿಯನ್ನು ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ನಿಜಕ್ಕೂ ಅವನು ನಿಪ್ಪಾಣಿ ದಾಟಿ ಹೋದವನೇ ಅಲ್ಲ. ಅಪ್ಪನ ಪಾಲಿಗೆ ಇನ್ನೊಂದು ಕುಸ್ತಿ ಇತ್ತು. 1977ರಲ್ಲಿ ಲಾತೂರ ಕಡೆಯ ಹರಿಶ್ಚಂದ್ರ ಬಿರಾಜದಾರ ಬೆಳಗಾವಿಯಲ್ಲಿ ದಿಲ್ಲಿಯ ಸತಪಾಲರನ್ನು ಕೆಡವಿದ್ದು. ಅದಕ್ಕೆ ಅಪ್ಪ ಖರೇನೇ ಹೋಗಿದ್ದ. ಲಾರಿಯ ಹಿಂದೆ ನಿಂತುಕೊಂಡು ಹೋಗಿ, ಚಪ್ಪಲಿ ಕಳಕೊಂಡು ಬಂದಿದ್ದ.

ಇಂಥ ಮನೆಯಲ್ಲಿ ಹುಟ್ಟಿದ ಮೇಲೆ ನನ್ನನ್ನು ಕೊಲ್ಲಾಪುರಕ್ಕೆ ಕಳಿಸಲು ದೊಡ್ಡ ಚರ್ಚೆಯೇನೂ ಆಗಲಿಲ್ಲ. 1985ರ ಮಳೆಗಾಲ, ನನಗೆ ಹದಿನೇಳು. ಆ ವರ್ಷ ತಂಬಾಕಿಗೆ ಒಳ್ಳೆಯ ರೇಟು ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ಹ್ವಾದ್ರ ಹೋಗು. ನಡಬರಕ ಓಡಿ ಬರಬ್ಯಾಡ."

ಗಂಗಾವೇಸ್, ಶಾಹುಪುರಿಯಂಥ ದೊಡ್ಡ ಹೆಸರಿನ ತಾಲೀಮುಗಳಲ್ಲಿ, ಅಂದರೆ ಗರಡಿಗಳಲ್ಲಿ, ನನಗೆ ಜಾಗ ಸಿಗಲಿಲ್ಲ. ಸಿಕ್ಕಿದ್ದು ಒಂದು ಸಣ್ಣ ತಾಲೀಮು. ಹದಿನಾಲ್ಕು ಹುಡುಗರು, ಎರಡು ಸ್ಟೋವ್, ಕುಸ್ತಿ ಕಲಿಸಲು ಅರವತ್ತು ದಾಟಿದ ಒಬ್ಬ ವಸ್ತಾದರು. ಮೊದಲ ಆರು ತಿಂಗಳು ಅವರು ನನಗೆ ಒಂದು ಡಾವೂ ಹೇಳಿಕೊಡಲಿಲ್ಲ. ಮಟ್ಟಿ, ಅಂದರೆ ಕುಸ್ತಿ ಕಣದ ಮಣ್ಣು, ಅಗಿಯಲು ಹಚ್ಚಿದರು.

ಮಟ್ಟಿ ಅಗಿಯುವುದು ಆಳಿನ ಕೆಲಸ ಅಂತ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ತಿಳಿಯಿತು. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ನಿಂಬೆರಸ, ಅರಿಷಿಣ, ಕರ್ಪೂರ ಹಾಕಿ ಕಲಸಿರುತ್ತಾರೆ. ಅದನ್ನು ದಿನಾ ನಸುಕಿನಲ್ಲಿ ಗೇಣುದ್ದ ಅಗಿದು ಮಗುಚಬೇಕು. ಒಂದು ದಿನ ಬಿಟ್ಟರೂ ಮಣ್ಣು ಬಿಗಿಯುತ್ತದೆ. ಬಿಗಿದ ಮಣ್ಣಿನ ಮೇಲೆ ಬಿದ್ದವನ ಭುಜದ ಎಲುಬು ಉಳಿಯುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಆಗಬೇಕು, ಬೆರಳಿಂದ ಚುಚ್ಚಿದರೆ ಒಡೆಯಬೇಕು, ಅದು ಹದ. ಈಗಲೂ ಯಾವ ಊರಿನ ಕಣಕ್ಕೆ ಹೋದರೂ ಮೊದಲು ನನ್ನ ಕೈ ಮಣ್ಣಿಗೇ ಹೋಗುತ್ತದೆ.

ನಸುಕಿನ ನಾಲ್ಕಕ್ಕೆ ಏಳುವುದು, ದಂಡ, ಬಸ್ಕಿ, ಆಮೇಲೆ ಜೋಡಿ ಬದಲಿಸುತ್ತ ಎರಡು ತಾಸು ಲಢತ್, ಅಂದರೆ ಕುಸ್ತಿಯ ಅಭ್ಯಾಸ. ಐವತ್ತು ದಂಡದಿಂದ ಶುರು ಮಾಡಿ ಎರಡನೆಯ ವರ್ಷಕ್ಕೆ ಐನೂರು ದಂಡ, ಸಾವಿರ ಬಸ್ಕಿಗೆ ಬಂದೆ. ಇದನ್ನು ಓದಿ ನಾಳೆಯೇ ನೂರು ಬಸ್ಕಿ ಹೊಡೆಯಲು ಹೋಗಬೇಡಿ, ಮೂರು ದಿನ ಮೆಟ್ಟಿಲು ಇಳಿಯಲಾರಿರಿ. ಲಢತ್ ಆದಮೇಲೆ ಥಂಡಾಯಿ. ಬಾದಾಮಿ, ಗಸಗಸೆ, ಬಡೇಸೋಪು, ನಾಲ್ಕು ಮೆಣಸಿನಕಾಳು ಒರಳಿಗೆ ಹಾಕಿ ಅರೆಯುವುದಕ್ಕೇ ಅರ್ಧ ತಾಸು. ಬಾದಾಮಿಗೆ ರೊಕ್ಕ ಇಲ್ಲದ ತಿಂಗಳು ಶೇಂಗಾ ಅರೆದು ಕುಡಿದಿದ್ದೇನೆ. ಮೈಗೆ ವ್ಯತ್ಯಾಸ ಗೊತ್ತಾಗಲಿಲ್ಲ, ನಾಲಿಗೆಗೆ ಗೊತ್ತಾಯಿತು.

ಈಗ ಘಿಸ್ಸಾ.

ಮಟ್ಟಿ ಕುಸ್ತಿಯಲ್ಲಿ ಅಂಕ ಇಲ್ಲ, ಗಡಿಯಾರವೂ ಹೆಚ್ಚಾಗಿ ಇಲ್ಲ. ಎರಡೂ ಭುಜ ಮಣ್ಣಿಗೆ ಹತ್ತಬೇಕು, ಆಗಲೇ ಚಿತ್. ಹಾಗಾಗಿ ನಿಂತಲ್ಲಿ ಸೋತವನು ಬೋರಲು ಬಿದ್ದು, ಹೊಟ್ಟೆಯನ್ನು ಮಣ್ಣಿಗೆ ಅಂಟಿಸಿ, ಮೊಣಕೈ ಬಿಗಿದು, ಕಾಲು ಅಗಲಿಸಿ ಹಲ್ಲಿಯ ಹಾಗೆ ಮಲಗಿಬಿಡುತ್ತಾನೆ. ಅವನನ್ನು ಮಗುಚುವುದೇ ಅರ್ಧ ಕುಸ್ತಿ. ಘಿಸ್ಸಾ ಅದಕ್ಕಿರುವ ಡಾವು. ಮೇಲಿನವನು ಪಕ್ಕದಿಂದ ಬಂದು ಒಂದು ಮೊಣಕಾಲು ಅವನ ಕುತ್ತಿಗೆ, ಭುಜದ ಸಂದಿಗೆ ಊರುತ್ತಾನೆ. ಕೈ ಹಿಂದಿನಿಂದ ತೊಡೆಗಳ ನಡುವೆ ಹೋಗಿ ಲಂಗೋಟಿಯನ್ನು ಹಿಡಿಯುತ್ತದೆ. ತಲೆ ಮಣ್ಣಿಗೆ ಕಟ್ಟಿಹಾಕಿದ ಹಾಗೆ ಇರಬೇಕು, ಸೊಂಟ ಮೇಲೆದ್ದು ತಲೆಯನ್ನು ದಾಟಿ ಬರಬೇಕು. ಹೇಳುವುದಕ್ಕೆ ಇಷ್ಟೇ.

ಮಾಡಲು ಹೋದರೆ ಆಗುತ್ತಿರಲಿಲ್ಲ. ನಾನು ಮೊದಲು ಮೊಣಕಾಲು ಊರಿ ಭಾರ ಬಿಡುತ್ತಿದ್ದೆ, ಕೆಳಗಿನವನಿಗೆ ತಟ್ಟನೆ ಗೊತ್ತಾಗಿ ಇನ್ನಷ್ಟು ಬಿಗಿಯುತ್ತಿದ್ದ. ನಾನು ಎಳೆದೆಳೆದು ತೋಳು ಸೋತು ಕೂಡುತ್ತಿದ್ದೆ. ಒಂದು ದಿನ ವಸ್ತಾದರು ಧೋತರ ಬಿಚ್ಚಿ, ಲಂಗೋಟಿಯಲ್ಲಿ ತಾವೇ ಮಣ್ಣಿಗೆ ಬೋರಲು ಬಿದ್ದರು. ಮಗುಚು ಅಂದರು. ಆ ಮುದುಕನನ್ನು ನನಗೆ ಅಲುಗಾಡಿಸಲು ಆಗಲಿಲ್ಲ. ಮಣ್ಣಿನಿಂದ ಮುಖ ಎತ್ತದೆಯೇ ಅವರು ಹೇಳಿದರು: "ಘಾಈ ನಕೋ, ಬಾಳ." ಅವಸರ ಬೇಡ, ಮಗಾ. ಆಮೇಲೆ ನನ್ನ ಅಂಗೈಯನ್ನು ತಮ್ಮ ಬೆನ್ನ ಮೇಲೆ ಇಡಿಸಿದರು. ಸುಮ್ಮನೆ ಇಟ್ಟುಕೊಂಡಿರು ಅಂದರು.

ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಉಸಿರು ತಗೊಂಡಾಗ ಮೈಯೆಲ್ಲ ಬಿಗಿ. ಬಿಟ್ಟಾಗ, ತೀರ ಕೊನೆಯಲ್ಲಿ, ಸೊಂಟದ ಮೇಲಿನ ಜಾಗ ಒಂದು ಕ್ಷಣ ಮೆತ್ತಗಾಗುತ್ತದೆ. ಆ ಕ್ಷಣಕ್ಕೆ ಕೈ ಎಳೆಯಬೇಕು, ಮೊಣಕಾಲಿನ ಭಾರ ಅದರ ಹಿಂದೆಯೇ ಬರಬೇಕು, ಮುಂಚೆ ಅಲ್ಲ. ಎಳೆತವೂ ತೋಳಿನದಲ್ಲ, ನನ್ನದೇ ಸೊಂಟದ್ದು. ಇಷ್ಟು ತಿಳಿಯಲು ಒಂದು ಸಂಜೆ ಸಾಕಾಯಿತು. ಮೈಗೆ ಹತ್ತಲು ಎರಡು ವರ್ಷ ಬೇಕಾಯಿತು. ಗೋಣಿಚೀಲಕ್ಕೆ ಮಣ್ಣು ತುಂಬಿ, ಅದಕ್ಕೊಂದು ಹಳೆಯ ಲಂಗೋಟಿ ಕಟ್ಟಿ, ಬಲಕ್ಕೆ ಐವತ್ತು, ಎಡಕ್ಕೆ ಐವತ್ತು. ಸಣ್ಣ ಹುಡುಗರಿಗೆ ಬಾಳೆಹಣ್ಣಿನ ಪಂಥ ಕಟ್ಟಿ ಮಲಗಿಸುತ್ತಿದ್ದೆ, ಮಗುಚಲು ಆಗದಿದ್ದರೆ ಹಣ್ಣು ಅವರಿಗೆ. ಮೊದಲ ವರ್ಷ ಹಣ್ಣಿಗೆ ಬಹಳ ಖರ್ಚಾಯಿತು.

ಉಳಿದ ಹುಡುಗರು ಢಾಕ್, ಕಲಾಜಂಗ್, ಧೋಬಿ ಪಛಾಡ್ ಅಂತ ಚಂದದ ಡಾವುಗಳನ್ನು ಕಲಿತರು. ಎತ್ತಿ ಒಗೆಯುವ ಡಾವಿಗೆ ಜನ ಸೀಟಿ ಹೊಡೆಯುತ್ತಾರೆ. ನನ್ನದಕ್ಕೆ ಯಾರೂ ಹೊಡೆಯುತ್ತಿರಲಿಲ್ಲ, ದೂರದಿಂದ ಕಾಣುವುದೂ ಇಲ್ಲ. ಆದರೆ ಗೆಲ್ಲುತ್ತಿದ್ದೆ.

ದೀಪಾವಳಿ ಮುಗಿದರೆ ಸೀಜನ್. ಒಂದೂರಾದ ಮೇಲೆ ಒಂದೂರು, ಮಳೆ ಬರುವತನಕ. ಪಂಚರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ತೂಕದ ಕಾಟಾ ಇರುವುದಿಲ್ಲ, ಕಣ್ಣೇ ಕಾಟಾ. ದೊಡ್ಡ ಕುಸ್ತಿಗಳು ಮೊದಲೇ ಗೊತ್ತಾಗಿರುತ್ತವೆ, ಒಂದನೇ ನಂಬರು, ಎರಡನೇ ನಂಬರು ಅಂತ ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಬರುತ್ತದೆ. ನನ್ನ ಮೊದಲ ಇನಾಮು ಹನ್ನೊಂದು ರೂಪಾಯಿ ಮತ್ತು ಒಂದು ತೆಂಗಿನಕಾಯಿ. ಆರನೆಯ ವರ್ಷಕ್ಕೆ ಎರಡು ಸಾವಿರದ ಕುಸ್ತಿಗೆ ಬಂದೆ.

ಆ ಎರಡು ಸಾವಿರದ ಕತೆ ಹೇಳಲೇಬೇಕು. ರಾಯಬಾಗ ಕಡೆಯ ಒಂದು ಊರು. ಎದುರಿಗೆ ಸಾಂಗಲಿ ಕಡೆಯ ಪೈಲ್ವಾನ, ನನಗಿಂತ ಹತ್ತು ಹನ್ನೆರಡು ಕಿಲೋ ಜಾಸ್ತಿ. ಸಲಾಮಿ ಆಯಿತು, ಹಲಗೆ ಬಡಿತ ಜೋರಾಯಿತು, ನಿಂತು ಕೈ ಹಿಡಿಯುವ ಖಡಾಖಡಿಯಲ್ಲೇ ಹತ್ತು ನಿಮಿಷ ಹೋಯಿತು. ಅವನು ನನ್ನ ಕುತ್ತಿಗೆಗೆ ಕೈ ಹಾಕಿ ಒತ್ತಿದಾಗ ನಾನು ಕೆಳಗೆ ನುಗ್ಗಿ ಒಂದು ಕಾಲು ಎತ್ತಿಕೊಂಡೆ. ಬಿದ್ದ. ಬಿದ್ದವನು ಬೋರಲಾದ. ಅಲ್ಲಿಂದ ಇಪ್ಪತ್ತು ನಿಮಿಷ ಅವನು ಅಲುಗಲಿಲ್ಲ, ನಾನೂ ಬಿಡಲಿಲ್ಲ. ಜನ ಬೇಸತ್ತು ಕೂಗಾಡಿದರು. "ಏಳ್ರೋ, ಮಕ್ಕೊಳ್ಳಾಕ ಬಂದೀರೇನು?" ನಾನು ಅವನ ಬೆನ್ನಿಗೆ ಎದೆ ಹಚ್ಚಿ ಉಸಿರು ಎಣಿಸುತ್ತಿದ್ದೆ. ಮಾತಾಡಲು ಅವನು ಬಾಯಿ ತೆರೆದ ನೋಡಿ, ಪಂಚರಿಗೆ ಏನೋ ದೂರು ಹೇಳಲಿಕ್ಕೆ. ಮಾತಾಡುವವನು ಉಸಿರು ಬಿಡಲೇಬೇಕು. ದೂರು ಮುಗಿಯುವಷ್ಟರಲ್ಲಿ ಅವನು ಆಕಾಶ ನೋಡುತ್ತಿದ್ದ.

ಪಟಗ ಸುತ್ತಿದರು, ಗುಲಾಲು ಹಾಕಿದರು, ಹೆಗಲ ಮೇಲೆ ಹೊತ್ತು ತಿರುಗಿಸಿದರು. ರಾತ್ರಿ ಲಕೋಟೆ ತೆರೆದರೆ ಹನ್ನೆರಡು ನೂರು. ಚಂದಾ ಕೂಡಲಿಲ್ಲ ಪೈಲ್ವಾನ್ರೇ ಅಂದರು. ಉಳಿದ ಎಂಟುನೂರು ಇನ್ನೂ ಬರಬೇಕಾಗಿದೆ.

ಕೊಲ್ಲಾಪುರದ ಖಾಸಬಾಗ್ ಮೈದಾನದಲ್ಲಿ ಮೂರು ಸಲ ಆಡಿದ್ದೇನೆ, ಒಂದನೇ ನಂಬರಿಗೆ ಅಲ್ಲ, ಬಹಳ ಕೆಳಗಿನ ನಂಬರಿಗೆ. ಶಾಹೂ ಮಹಾರಾಜರು ಕಟ್ಟಿಸಿದ್ದು, 1912ರಲ್ಲಿ ಶುರುವಾದದ್ದು. ಸುತ್ತ ಏರುತ್ತ ಹೋಗುವ ಕಟ್ಟೆ, ಯಾವ ಮೂಲೆಯಲ್ಲಿ ಕೂತರೂ ಕಣ ಕಾಣುತ್ತದೆ. ನಡುವೆ ನಿಂತವನಿಗೆ ಜನ ಮೈಮೇಲೆ ಬಿದ್ದಂತೆ ಅನಿಸುತ್ತದೆ. ಮೂರರಲ್ಲಿ ಎರಡು ಗೆದ್ದೆ. ಅಪ್ಪ ಒಂದನ್ನು ನೋಡಿದ, ಸೋತದ್ದನ್ನು.

1991ರಲ್ಲಿ ಗೆಳೆಯರು ಹುರಿದುಂಬಿಸಿ ನನ್ನನ್ನು ಮ್ಯಾಟ್ ಕುಸ್ತಿಯ ಆಯ್ಕೆಗೆ ಕರೆದುಕೊಂಡು ಹೋದರು, 82 ಕಿಲೋ ವಿಭಾಗಕ್ಕೆ. ಹುಡುಗ ನನಗಿಂತ ಹಗುರ ಕಂಡ. ಒಂದೇ ನಿಮಿಷದಲ್ಲಿ ಅವನ ಬೆನ್ನಿಗೆ ಬಂದೆ, ಬೋರಲಾದ, ನನ್ನ ಕೈ ತಾನಾಗಿ ಹೋಗಿ ಅವನ ಬಟ್ಟೆ ಹಿಡಿಯಿತು. ಸೀಟಿ. ಮ್ಯಾಟ್ ಮೇಲೆ ಬಟ್ಟೆ ಹಿಡಿಯುವಂತಿಲ್ಲ. ಗೊತ್ತಿತ್ತು, ಹಿಂದಿನ ರಾತ್ರಿಯೇ ಹೇಳಿದ್ದರು. ಮತ್ತೆ ಬೆನ್ನಿಗೆ ಬಂದೆ, ಮತ್ತೆ ಅದೇ ಕೈ ಅಲ್ಲಿಗೇ ಹೋಯಿತು. ಎಚ್ಚರಿಕೆ ಕೊಟ್ಟರು, ಅವನಿಗೆ ಅಂಕ ಸಿಕ್ಕಿತು. ಆಮೇಲೆ ಕೈಯನ್ನು ಕಾಯುವುದೇ ನನ್ನ ಕೆಲಸವಾಗಿ, ಕುಸ್ತಿ ಆಡಿದ್ದು ಅವನೊಬ್ಬನೇ.

ಮ್ಯಾಟನ್ನು ಬೈಯುವ ಹಳೆ ಪೈಲ್ವಾನರು ಬಹಳ ಇದ್ದಾರೆ, ನಾನು ಬೈಯುವುದಿಲ್ಲ. ಕರಾಡದ ಪಕ್ಕದ ಗೋಳೇಶ್ವರದ ಖಾಶಾಬಾ ಜಾಧವರೂ ಮಟ್ಟಿಯಲ್ಲೇ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಮೇಲೆ ಆಡಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ನನಗೂ ಆಗ ಬರೀ ಇಪ್ಪತ್ಮೂರು. ನಾಲ್ಕು ವರ್ಷ ಕೂತು ಹೊಸದಾಗಿ ಕಲಿಯಬಹುದಿತ್ತು. ಆದರೆ ಮುಂದಿನ ವಾರವೇ ಒಂದು ಜಾತ್ರೆ ಇತ್ತು, ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಹಾಕಿದ್ದರು, ಹೋದೆ. ಹೀಗೆ ಏಳು ವರ್ಷ ಹೋದೆ. 1998ರಲ್ಲಿ ಬಲ ಮೊಣಕಾಲು, ಘಿಸ್ಸಾಕ್ಕೆ ಊರುತ್ತಿದ್ದುದೇ, ಕೈಕೊಟ್ಟಿತು.

ಖಂಚನಾಳೆಯವರು 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು. ಆ ದಿನ ನಮ್ಮೂರ ಗರಡಿಯಲ್ಲಿ ಮಟ್ಟಿ ಅಗಿಯಲಿಲ್ಲ. ಮರುದಿನ ಬಿಗಿದುಕೊಂಡಿತ್ತು, ನಾನೇ ಸಲಿಕೆ ಹಿಡಿದೆ.

ಈಗ ಗರಡಿಯ ಪಕ್ಕದ ಶೆಡ್ಡಿನಲ್ಲಿ ಹುಡುಗರು ಮ್ಯಾಟ್ ಹಾಸಿಕೊಂಡಿದ್ದಾರೆ. ನಾನು ಅಲ್ಲಿ ಬಾಯಿ ಹಾಕುವುದಿಲ್ಲ. ಹೋದ ವಾರ ಒಬ್ಬ ಹುಡುಗ ಬಂದು, "ಕಾಕಾ, ಚಿಂಚಲಿ ಜಾತ್ರಿ ಕಡೆ ಕುಸ್ತಿ ಅದಾವು, ಘಿಸ್ಸಾ ಹೇಳಿಕೊಡ್ರಿ" ಅಂದ. ಅಂಗಿ ಬಿಚ್ಚಿ ಮಟ್ಟಿಯ ಮೇಲೆ ಬೋರಲು ಮಲಗಿದೆ. ಮಣ್ಣು ತಂಪಾಗಿತ್ತು, ಅರಿಷಿಣದ ವಾಸನೆ ಇತ್ತು. ಹುಡುಗನಿಗೆ ತೋಳಿನಲ್ಲಿ ಬಲ ಇದೆ. ಮೊಣಕಾಲು ಮಾತ್ರ ಇನ್ನೂ ಬಹಳ ಮುಂಚೆ ಬರುತ್ತದೆ.