ಬೇರೆಯವರು ಬಿಚ್ಚಿಟ್ಟ ಎಂ.ಜಿ. ಕಾರು

ಚಿತ್ರದುರ್ಗದಲ್ಲಿ, ಕೋಟೆಯ ಕೆಳಗಿನ ಒಂದು ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಆ 1951ರ ಎಂ.ಜಿ. ಟಿಡಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಮೊದಲು ನೋಡಿದೆ. ಚಾಸಿ, ಅಂದರೆ ಕಾರಿನ ತಳದ ಚೌಕಟ್ಟು, ಇಟ್ಟಿಗೆಗಳ ಮೇಲೆ ಕುಳಿತಿತ್ತು. ಎಂಜಿನ್ ಗೋಣಿಚೀಲ ಹೊದ್ದು ಮೂಲೆಯಲ್ಲಿತ್ತು. ಉಳಿದದ್ದೆಲ್ಲ ಎಣ್ಣೆ ಡಬ್ಬಗಳಲ್ಲಿ, ಟೊಮೆಟೊ ಕ್ರೇಟುಗಳಲ್ಲಿ. ಬಿಚ್ಚಿದ ಹಿರಿಯರು ತೀರಿಕೊಂಡಿದ್ದರು. ಯಾವ ಬೋಲ್ಟು ಎಲ್ಲಿಯದು ಎಂಬ ಲೆಕ್ಕವೂ ಅವರೊಂದಿಗೇ ಹೋಗಿತ್ತು.

“ಎಲ್ಲಾ ಇದೆ ಸಾರ್, ಜೋಡಿಸುವುದಷ್ಟೇ ಬಾಕಿ” ಎಂದರು ಮಗ. ಅವರು ಸುಳ್ಳು ಹೇಳುವವರಲ್ಲ. ತಂದೆ ಹಾಗೆ ಹೇಳುತ್ತಿದ್ದರು, ಇವರು ನಂಬಿದ್ದರು, ಅಷ್ಟೆ. ನಾನು ಮುಂಗಡ ಕೊಡದೆ ಎರಡು ದಿನ ಕಾಲಾವಕಾಶ ಕೇಳಿದೆ. ಅಂಗಳದಲ್ಲಿ ಟಾರ್ಪಾಲಿನ್ ಹಾಸಿ ಎಲ್ಲ ಡಬ್ಬಗಳನ್ನೂ ಸುರಿದು, ಬ್ರೇಕಿನದು ಬ್ರೇಕಿಗೆ, ಸ್ಟೀರಿಂಗಿನದು ಸ್ಟೀರಿಂಗಿಗೆ ಎಂದು ಗುಂಪು ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ವೈಪರ್ ಮೋಟಾರ್ ಇರಲಿಲ್ಲ. ಒಂದು ಹೆಡ್‌ಲ್ಯಾಂಪಿನ ರಿಂಗ್ ಇರಲಿಲ್ಲ. ಮುಂಗಾಜು ಹಿಡಿಯುವ ಬ್ರಾಕೆಟ್‌ಗಳಲ್ಲಿ ಒಂದೇ ಇತ್ತು. ಆ ಪಟ್ಟಿಯನ್ನು ಅವರ ಮುಂದಿಟ್ಟಾಗ ಚೌಕಾಸಿ ಮಾಡುವ ಅಗತ್ಯವೇ ಬೀಳಲಿಲ್ಲ; ಅವರೇ ಬೆಲೆಯಲ್ಲಿ ಕಾಲು ಭಾಗ ಇಳಿಸಿದರು.

ಸಾಮಾನು ಎಣಿಸುವ ಮೊದಲೇ ನಂಬರುಗಳನ್ನು ನೋಡಿದ್ದೆ. ಚಾಸಿಯ ಸಂಖ್ಯೆ, ಎಂಜಿನ್ ಮೇಲಿನ ಎಂಟು ಮೂಲೆಯ ಸಣ್ಣ ಹಿತ್ತಾಳೆ ಫಲಕದ ಸಂಖ್ಯೆ, ಹಳೆಯ ಆರ್.ಸಿ. ಮೂರೂ ತಾಳೆಯಾದವು. ಬೇರೆ ಎಂಜಿನ್ ಕೂರಿಸಿದ ಗಾಡಿಯಾಗಿದ್ದರೆ ಕೈಬಿಡುತ್ತಿದ್ದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನ ವಿಂಟೇಜ್ ಎಂದು ನೋಂದಣಿಯಾಗಬೇಕಾದರೆ ಮೂಲ ರೂಪದಲ್ಲಿಯೇ ಇರಬೇಕು.

ಈ ಕಾರಿನ ಮೈ ಉಕ್ಕಿನದಾಗಿ ಕಂಡರೂ ತಗಡಿನ ಒಳಗಿರುವ ಅಸ್ಥಿಪಂಜರ ಆಶ್ ಮರದ್ದು. ಬಾಗಿಲ ಕೆಳಗಿನ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ರೊಟ್ಟಿಯೊಳಗೆ ಇಳಿದಂತೆ ಇಳಿಯಿತು. ಆದರೂ ಆ ಕೊಳೆತ ಚೂರುಗಳನ್ನು ಒಂದೂ ಬಿಡದೆ ದಾವಣಗೆರೆಗೆ ತಂದೆ. ಹೊಸ ಮರಕ್ಕೆ ಅವೇ ಅಚ್ಚು. ಎಸೆದಿದ್ದರೆ ಬಾಗಿಲು ಎಂದಿಗೂ ಸರಿಯಾಗಿ ಕೂರುತ್ತಿರಲಿಲ್ಲ. ನಮ್ಮ ಬಡಗಿ ಆಚಾರರು ತೇಗದಲ್ಲಿ ಹೊಸದಾಗಿ ಕೆತ್ತಿಕೊಟ್ಟರು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಪ್ರತಿ ಕೀಲನ್ನೂ ಥಿನ್ನರಿನಲ್ಲಿ ಒರೆಸಿದೆವು.

ನನ್ನನ್ನು ನಿಜವಾಗಿ ಕಾಡಿದ್ದು ಎಂಜಿನ್. ನಾನು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ನಮ್ಮ ಮಗ್ಗಗಳು ಇಂಗ್ಲೆಂಡಿನವು, ಹಾಗಾಗಿ ವಿಟ್ವರ್ತ್ ಎಂಬ ಹಳೆಯ ಇಂಗ್ಲಿಷ್ ಅಳತೆಯ ಸ್ಪ್ಯಾನರುಗಳು ಇಂದಿಗೂ ಮನೆಯಲ್ಲಿವೆ. ಅವು ಈ ಎಂಜಿನ್ನಿನ ಬೋಲ್ಟುಗಳ ತಲೆಗೆ ಅಳೆದಂತೆ ಕೂತವು. ಆದರೆ ವಿಟ್ವರ್ತ್ ನಟ್ಟು ಹಾಕಿದರೆ ಒಂದು ಸುತ್ತೂ ತಿರುಗಲಿಲ್ಲ. ಅಂಗಡಿಯಿಂದ ಎಂಟು ಮಿಲಿಮೀಟರಿನ ನಟ್ಟು ತಂದೆ, ಅದೂ ಎರಡನೇ ಸುತ್ತಿಗೆ ಬಿಗಿದುಕೊಂಡಿತು. ಬಲ ಹಾಕದೆ ನಿಲ್ಲಿಸಿದ್ದೇ ಒಳ್ಳೆಯದಾಯಿತು. ಥ್ರೆಡ್ ಗೇಜ್ ಇಟ್ಟು ನೋಡಿದರೆ ಪಿಚ್, ಅಂದರೆ ಒಂದು ಎಳೆಯಿಂದ ಮುಂದಿನ ಎಳೆಗಿರುವ ಅಂತರ, ಒಂದು ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಸಿಗುವುದು 1.25.

ಕಾರಣ ಆಮೇಲೆ ತಿಳಿಯಿತು. ಎಂ.ಜಿ. ಕಾರುಗಳ ಹಿಂದಿದ್ದ ಮೋರಿಸ್ ಕಂಪನಿ 1923ರಲ್ಲಿ ಕೊಂಡುಕೊಂಡ, ಇಂಗ್ಲೆಂಡಿನ ಕೊವೆಂಟ್ರಿಯ ಎಂಜಿನ್ ಕಾರ್ಖಾನೆ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದು. ಅಲ್ಲಿನ ಯಂತ್ರಗಳು ಮೆಟ್ರಿಕ್ ಥ್ರೆಡ್ ಕೊರೆಯುತ್ತಿದ್ದವು. ಯಂತ್ರ ಬದಲಿಸುವ ಬದಲು ಥ್ರೆಡ್ಡನ್ನು ಹಾಗೆಯೇ ಉಳಿಸಿಕೊಂಡು, ಇಂಗ್ಲಿಷ್ ಮೆಕ್ಯಾನಿಕ್‌ಗಳ ಸ್ಪ್ಯಾನರಿಗೆ ಹೊಂದುವಂತೆ ತಲೆಯನ್ನು ಮಾತ್ರ ವಿಟ್ವರ್ತ್ ಅಳತೆಗೆ ಮಾಡಿದರು. ಇದು ತಿಳಿದ ಮೇಲೆ ಎಂಜಿನ್ನಿನ ಒಂದು ಹಳೆಯ ಬೋಲ್ಟನ್ನೂ ಗುಜರಿಗೆ ಹಾಕಲಿಲ್ಲ. ಕೆಟ್ಟವುಗಳಿಗೆ ಬದಲಿಯನ್ನು ಲೇತ್ ಅಂಗಡಿಯಲ್ಲಿ ಹಳೆಯದನ್ನೇ ತೋರಿಸಿ ಮಾಡಿಸಿದೆ.

ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕೊಡುವ ಎರಡು ಎಸ್.ಯು. ಕಾರ್ಬ್ಯುರೇಟರುಗಳನ್ನು ಹಿರಿಯರು ಬಿಚ್ಚಿ ಒಂದೇ ಡಬ್ಬದಲ್ಲಿ ಹಾಕಿದ್ದರು. ಅವುಗಳ ಒಳಗಿನ ಪ್ರತಿ ಪಿಸ್ಟನ್ನಿಗೂ ಅದರದೇ ಚೇಂಬರ್. ಜೋಡಿ ಅದಲುಬದಲಾದರೆ ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ಗಾಳಿ ಸೋರುತ್ತದೆ. ಮೊದಲು ಜೋಡಿಸಿದಾಗ ಒಂದರ ಪಿಸ್ಟನ್ ಎತ್ತಿ ಬಿಟ್ಟರೆ ಅರ್ಧದಲ್ಲೇ ನಿಂತಿತು. ಅದಲುಬದಲು ಮಾಡಿ ಮತ್ತೆ ಎತ್ತಿ ಬಿಟ್ಟೆ. ನಯವಾಗಿ ಇಳಿದು ಕೆಳಗೆ ‘ಟಕ್’ ಎಂದಿತು, ಇನ್ನೊಂದೂ ಹಾಗೆಯೇ. ಕೂಡಲೇ ಎರಡು ಬೇರೆ ಡಬ್ಬ ತಂದು, ಮೇಲೆ ‘ಮುಂದಿನದು’, ‘ಹಿಂದಿನದು’ ಎಂದು ಬಣ್ಣದಲ್ಲಿ ಬರೆದಿಟ್ಟೆ.