ಬಿಎಸ್-6 ಬೈಕಿನ ಪಂಪಿಗೆ ನಾನು ಒಂದು ವರ್ಷ ಗ್ಯಾರಂಟಿ ಕೊಡುವುದು ಹೇಗೆ

ನಮ್ಮ ಹಳೇ ಹುಬ್ಬಳ್ಳಿ ಕಡೆ ಬೈಕಿನ ಟ್ಯಾಂಕಿನೊಳಗೆ ಕೂತು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗೆ ಗ್ಯಾರಂಟಿ ಕೊಡುವ ಮಿಸ್ತ್ರಿ ಸಿಗುವುದು ಕಷ್ಟ. ಮೋಟಾರು ಹಾಕು, ಚಾಲೂ ಮಾಡಿ ತೋರಿಸು, ರೊಕ್ಕ ಎಣಿಸಿಕೋ, ಮುಗಿಯಿತು. ನಾನು ಒಂದು ವರ್ಷ ಕೊಡುತ್ತೇನೆ. ಶುರು ಮಾಡಿದಾಗ ಬಾಜೂ ಗ್ಯಾರೇಜಿನವನು, "ದೀಪಾವಳಿ ಮುಟ್ಟೂದಿಲ್ಲ ನೋಡೋ, ಶಟರ್ ಎಳೀತೀ" ಅಂದಿದ್ದ. ಆಮೇಲೆ ಎರಡು ದೀಪಾವಳಿ ಆದವು. ಈಗ ಅವನೇ ತನ್ನ ಗಿರಾಕಿಗಳನ್ನು ಪಂಪಿನ ಕೆಲಸಕ್ಕೆ ನನ್ನ ಕಡೆ ಕಳಿಸುತ್ತಾನೆ, ಕಮಿಷನ್ ಇಟ್ಟುಕೊಂಡು.

ಕಾರ್ಬೊರೇಟರ್ ಕಾಲದಲ್ಲಿ ನಮ್ಮ ಮಂದಿಗೆ ಹತ್ತಿದ ಚಟ ನಿಮಗೆ ಗೊತ್ತೇ ಇದೆ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ, ಅಂದರೆ ಕಾಕ್, ಸದಾ ರಿಸರ್ವಿನಲ್ಲಿ. ಗಾಡಿ ನಿಂತರೆ ಅಡ್ಡ ಮಲಗಿಸಿ ಎಬ್ಬಿಸಿ, ಕಿಕ್ ಹೊಡೆದು ಬಂಕ್ ಮುಟ್ಟಿಸುವುದು. ಆಗ ನಡೆಯುತ್ತಿತ್ತು, ಟ್ಯಾಂಕಿನೊಳಗೆ ಹಾಳಾಗುವ ಮೋಟಾರು ಇರಲಿಲ್ಲ. 2020ರ ಏಪ್ರಿಲಿನಲ್ಲಿ ಹೊಗೆ ತಗ್ಗಿಸುವ ಬಿಎಸ್-6 ನಿಯಮ ಬಂತು, ಬಹುಪಾಲು ಗಾಡಿಗೆ ಕಾರ್ಬೊರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಫ್ಯುಯಲ್ ಇಂಜೆಕ್ಷನ್, ಅಂದರೆ ಎಫ್‌ಐ ಬಂತು, ಕಾಕ್ ಹೋಯಿತು. ದಿನಾ ನೂರು ರೂಪಾಯಿ ಪೆಟ್ರೋಲ್ ಹಾಕಿಸುವ ಚಟ ಮಾತ್ರ ಹಾಗೇ ಉಳಿಯಿತು. ಇವತ್ತಿನ ರೇಟಿಗೆ ನೂರಕ್ಕೆ ಒಂದು ಲೀಟರೂ ತುಂಬುವುದಿಲ್ಲ. ಸ್ಪ್ಲೆಂಡರಿನ ಟ್ಯಾಂಕು 9.8 ಲೀಟರು, ಅದರ ತಳದಲ್ಲಿ ಒಂದು ಲೀಟರ್ ಎಲ್ಲಿ ಅಂತ ಹುಡುಕಬೇಕು.

ಪಂಪ್ ಸತ್ತಾಗ ಪೂರ್ತಿ ಅಸೆಂಬ್ಲಿ ಬದಲಿಸುವುದು ಅಂದರೆ ಮೂರು-ನಾಲ್ಕು ಸಾವಿರದ ಮಾತು. ದಿನಗೂಲಿಯವನು ಅಷ್ಟು ಕೊಡುವುದಿಲ್ಲ. ಹಾಗಾಗಿ ಎಲ್ಲರ ಹಾಗೆ ನಾನೂ ಮೋಟಾರು ಮತ್ತು ಪಂಪಿನ ಬಾಯಿಗೆ ಕಸ ತಡೆಯುವ ಜಾಳಿ ಮಾತ್ರ ಬದಲಿಸುತ್ತಿದ್ದೆ. ಅಗ್ಗದ ಮೋಟಾರು ಮುನ್ನೂರು ಚಿಲ್ಲರೆಗೆ ಸಿಗುತ್ತಿತ್ತು, ಎರಡು-ಮೂರು ತಿಂಗಳಿಗೆ ವಾಪಸ್. ಆರುನೂರು-ಏಳುನೂರರದ್ದು ಹಾಕಿದೆ, ಆರು ತಿಂಗಳಿಗೆ ವಾಪಸ್. "ಮಿಸ್ತ್ರೀ, ಬೆಳಿಗ್ಗೆ ಚಾಲೂ ಆಗವಲ್ದು" ಅಂತ ಅದೇ ಮುಖ, ಅದೇ ಗಾಡಿ. ಆಮೇಲೆ ಪೈಪಿನಲ್ಲಿ ಇನ್ನೊಂದು ಫಿಲ್ಟರ್ ಕೂಡಿಸಿ ನೋಡಿದೆ. ಅದು ಬ್ಯಾಡ್ರಿ. ಫಿಲ್ಟರು ಕಟ್ಟುತ್ತ ಹೋದಂತೆ ಪಂಪಿನ ಮೇಲೆ ಭಾರ ಏರುತ್ತದೆ, ನವಲೂರ ಏರಿನಲ್ಲಿ ಇಬ್ಬರು ಕೂತರೆ ಗಾಡಿ ಮುಕ್ಕರಿಸುತ್ತದೆ. ಬಾಟಲಿಯಲ್ಲಿ ಬರುವ ಕ್ಲೀನರ್ ದ್ರಾವಣವನ್ನೂ ಒಂದು ಸೀಜನ್ ಹಾಕಿದೆ. ಪಂಪಿನ ಮಟ್ಟಿಗೆ ಅದರಿಂದ ಲಾಭವಾದದ್ದು ಮಾರಿದ ಅಂಗಡಿಗೆ. ಫುಕಟ್ ಕೊಟ್ಟ ಮೋಟಾರುಗಳ ಲೆಕ್ಕ ಹಿಡಿದರೆ ಹತ್ತು ಸಾವಿರಕ್ಕೆ ಕಡಿಮೆ ಇಲ್ಲ, ಕೂಲಿ ಬಿಟ್ಟು.

ಆ ಹೊತ್ತಿಗೆ ಸತ್ತ ಮೋಟಾರುಗಳ ಒಂದು ಡಬ್ಬಿ ತುಂಬಿತ್ತು. ಗ್ರೈಂಡರಿನಲ್ಲಿ ತುಟಿ ಕೊಯ್ದು ಒಂದೊಂದೇ ಬಿಚ್ಚಿದೆ. ಒಬ್ಬ ಮಾಸ್ತರ ಗಾಡಿಯದು ಅರವತ್ತು ಸಾವಿರ ಕಿಲೋಮೀಟರ್ ಹತ್ತಿರ ಓಡಿದ್ದು, ಕನೆಕ್ಟರ್ ಸುಟ್ಟು ಬಂದಿತ್ತೇ ಹೊರತು ಮೋಟಾರು ಸತ್ತಿರಲಿಲ್ಲ. ಕರೆಂಟ್ ಹಿಡಿಯುವ ಉಂಗುರ, ಅಂದರೆ ಕಮ್ಯುಟೇಟರ್, ತಾಮ್ರದ ಬಣ್ಣದಲ್ಲೇ ಇತ್ತು, ಅದಕ್ಕೆ ಉಜ್ಜುತ್ತ ಕರೆಂಟ್ ಕೊಡುವ ಬ್ರಶ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅವರದು ವಾರಕ್ಕೊಮ್ಮೆ ಫುಲ್ ಟ್ಯಾಂಕ್. ಪಕ್ಕದಲ್ಲಿ ಊಟ ಡೆಲಿವರಿ ಹುಡುಗನದು ಇಟ್ಟೆ. ಅದರ ಅರ್ಧವೂ ಓಡಿರಲಿಲ್ಲ. ಬ್ರಶ್ ಉಗುರಿನಷ್ಟು ಉಳಿದು ಓರೆಯಾಗಿ ತಿಂದಿತ್ತು, ಕಮ್ಯುಟೇಟರ್ ಕಪ್ಪಾಗಿ ಗೀರು ಬಿದ್ದಿತ್ತು, ದಂಡ ಹಿಡಿಯುವ ಬುಶ್ ಸಡಿಲಾಗಿ ಒಳಗೆ ತಿರುಗುವ ಆರ್ಮೇಚರ್ ಕೈಯಲ್ಲೇ ಅಲುಗಾಡುತ್ತಿತ್ತು. ಡಬ್ಬಿಯಲ್ಲಿ ಇದ್ದವುಗಳಲ್ಲಿ ಹೆಚ್ಚಿನವು ಇದೇ ಜಾತಿ. ಪೆಟ್ರೋಲು ಆ ಮೋಟಾರಿನ ಹೊಟ್ಟೆಯೊಳಗಿಂದಲೇ ಹಾದುಹೋಗುವುದು. ಅದೇ ಅದಕ್ಕೆ ಎಣ್ಣೆ, ಅದೇ ತಂಪು. ಪೆಟ್ರೋಲ್ ಕಡಿಮೆಯಾಗಿ ನಡುನಡುವೆ ಗಾಳಿ ಎಳೆದರೆ ಒಣಗಿ ತಿರುಗುತ್ತದೆ.

ಕಸದ ಮಾತು ಬೇರೆ. "ತಳದಾಗಿನ ಕಸ ಎಳೀತದ" ಅಂತ ಎಲ್ಲರೂ ಹೇಳುತ್ತಾರೆ. ಟ್ಯಾಂಕು ತುಂಬಿದ್ದರೂ ಪಂಪು ಎಳೆಯುವುದು ತಳದಿಂದಲೇ, ಹಾಗಾಗಿ ಆ ವಾದ ನನಗೆ ಒಪ್ಪಿಗೆಯಿಲ್ಲ. ಕಸ ಹೆಚ್ಚುವುದು ಖಾಲಿ ಬಿಟ್ಟ ಟ್ಯಾಂಕಿನ ಗೋಡೆಗೆ ತುಕ್ಕು ಹಿಡಿದಾಗ. ಅಣ್ಣಿಗೇರಿ, ನವಲಗುಂದ ಕಡೆಯಿಂದ ಬರುವ, ಸುಗ್ಗಿ ಬಿಟ್ಟರೆ ಮೂಲೆಯಲ್ಲೇ ನಿಲ್ಲುವ ಗಾಡಿಗಳಲ್ಲಿ ಜಾಳಿ ಕುಂಕುಮದ ಬಣ್ಣಕ್ಕೆ ತಿರುಗಿರುತ್ತದೆ.

ಎಷ್ಟಿದ್ದರೆ ಗಾಳಿ ಎಳೆಯುವುದಿಲ್ಲ ಅಂತ ಕಣ್ಣಿಂದಲೇ ನೋಡಬೇಕಿತ್ತು. ಗುಜರಿಯಿಂದ ಒಂದು ಟ್ಯಾಂಕು ತಂದು ಪಕ್ಕ ಕೊಯ್ದು ಅಕ್ರಿಲಿಕ್ ಹಾಳೆ ಅಂಟಿಸಿದೆ. ಪೆಟ್ರೋಲ್ ಹಾಕಲಿಲ್ಲ, ನೀಲಿ ಕಲಸಿದ ನೀರು. ಒಂದು ಲೀಟರ್ ಹಾಕಿ ಬ್ರೇಕ್ ಹಿಡಿದ ಹಾಗೆ ಮುಂದಕ್ಕೆ ಬಾಗಿಸಿದರೆ ಜಾಳಿ ಬತ್ತಲೆ. ಅಡ್ಡ ವಾಲಿಸಿದರೆ ಅರ್ಧ ನೀರು ನಡುವಿನ ದಿಬ್ಬ ದಾಟಿ ಪಂಪಿಲ್ಲದ ಬದಿಗೆ ಹೋಗಿ ಅಲ್ಲೇ ಕೂತುಬಿಡುತ್ತದೆ, ತಿರುಗಿ ಬರುವುದಿಲ್ಲ. ಒಂದೂವರೆ ಲೀಟರ್ ಹಾಕಿದಾಗ ಈ ತೊಂದರೆ ಕಡಿಮೆಯಾಯಿತು. ಎರಡು ಲೀಟರಿಗೆ ಜಾಳಿ ಕಾಣುವುದೇ ನಿಂತಿತು. ಬೇರೆ ಗಾಡಿಗೆ ಲೆಕ್ಕ ಬೇರೆ ಇರಬಹುದು, ಆಕ್ಟಿವಾ ಟ್ಯಾಂಕು 5.3 ಲೀಟರಿನದು, ಆಕಾರವೂ ಬೇರೆ. ನಾನು ನೂರರಿಂದ ನೂರಿಪ್ಪತ್ತೈದು ಸಿಸಿ ಬೈಕಿಗೆಲ್ಲ ಎರಡು ಲೀಟರ್ ಅಂತಲೇ ಗೆರೆ ಎಳೆದೆ.

ಗಿರಾಕಿಗೆ ಹೇಳಿದರೆ ಕೇಳುತ್ತಾನೆಯೇ? "ಅಣ್ಣಾ, ದಿನಾ ಕೈಯಾಗ ಬರೂದ ನೂರು ಉಳಿತಾಯ, ಎಲ್ಲಿಂದ ಫುಲ್ ಮಾಡಸ್ಲಿ?" ಅವನ ಮಾತೂ ಖರೆ. ಆಗ ಹೊಳೆದದ್ದು: ನೂರರ ಚಟ ಬಿಡಿಸುವುದು ಬೇಕಿಲ್ಲ, ತಳ ಎತ್ತಿದರೆ ಸಾಕು. ಒಮ್ಮೆ ಎರಡು ಲೀಟರ್ ಹೆಚ್ಚು ಕೂತರೆ ಮುಂದೆ ದಿನಾ ನೂರೇ ಹಾಕಲಿ, ಖರ್ಚು ಅಷ್ಟೇ. ಬಿಲ್ಲಿಗೇ ಎರಡು ಲೀಟರ್ ಪೆಟ್ರೋಲ್ ಸೇರಿಸಿದೆ. ಮೋಟಾರು, ಜಾಳಿ, ಓ-ರಿಂಗ್, ಕೂಲಿ, ಪೆಟ್ರೋಲ್ ಎಲ್ಲ ಸೇರಿ ಸಾವಿರದ ನಾನೂರು-ಐನೂರು. "ಮಿಸ್ತ್ರಿ ಈಗ ಬಂಕ್ ಹಾಕ್ಯಾನ" ಅಂತ ಚಹಾದಂಗಡಿಯಲ್ಲಿ ನಕ್ಕರು.

ಮೊದಲ ಸುತ್ತಿನಲ್ಲಿ ಆ ಎರಡು ಲೀಟರನ್ನೂ ಮಂದಿ ಮೂರೇ ದಿನದಲ್ಲಿ ಕುಡಿಸಿ ಮತ್ತೆ ತಳಕ್ಕೆ ತಂದರು. ಪೆಟ್ರೋಲ್ ಮೀಟರಿನಲ್ಲಿ ಕಡ್ಡಿ ಕಂಡರೆ ಬಂಕಿಗೆ ಹೋಗುವ ಮನಸ್ಸು ಯಾರಿಗೂ ಬರುವುದಿಲ್ಲ. ಹೀಗಾಗಿ ಮೀಟರಿಗೇ ಕೈ ಹಾಕಿದೆ. ಟ್ಯಾಂಕಿನಲ್ಲಿ ತೇಲುತ್ತ ಮೀಟರಿಗೆ ಮಟ್ಟ ತಿಳಿಸುವ ಫ್ಲೋಟಿನ ತಂತಿ ಬಾಗಿಸಿ, ಎರಡು ಲೀಟರ್ ಉಳಿದಿರುವಾಗಲೇ ಕೊನೆಯ ಕಡ್ಡಿ ಮಿಣುಕುವಂತೆ ಮಾಡಿದೆ. ಫ್ಲೋಟು ಪಂಪಿನ ಜೊತೆಗೇ ಇರುವ ಗಾಡಿಯಲ್ಲಿ ಹತ್ತು ನಿಮಿಷದ ಕೆಲಸ, ಬೇರೆ ಇದ್ದರೆ ಇನ್ನೊಂದು ಗ್ಯಾಸ್ಕೆಟ್ ಖರ್ಚು. ತಂತಿಯನ್ನು ಎಲ್ಲಿ ಹಿಡಿದು ಎಷ್ಟು ಬಾಗಿಸಬೇಕು, ಫುಲ್ ಟ್ಯಾಂಕಿನಲ್ಲಿ ಫ್ಲೋಟು ಮೇಲೆ ತಾಗದ ಹಾಗೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಫ್ಲೋಟು ಮುರಿದು ಕಲಿತದ್ದು ಅದು. ಬಾಗಿಸಿದ್ದೇನೆ ಅಂತ ಗಿರಾಕಿಗೆ ಹೇಳಿಯೇ ಹೇಳುತ್ತೇನೆ. ಎಷ್ಟು ಅಂತ ಹೇಳುವುದಿಲ್ಲ. ಹೇಳಿದರೆ ಕಡ್ಡಿ ಮಿಣುಕಿದ ಮೇಲೂ ಲೆಕ್ಕ ಹಾಕಿ ಓಡಿಸುತ್ತಾರೆ.

ಮಿಣುಕುವಾಗ ಓಡಿಸಿ ಪಂಪ್ ಸುಟ್ಟರೆ ಗ್ಯಾರಂಟಿ ಇಲ್ಲ, ಇದೊಂದೇ ಕರಾರು. ಓಡಿಸಿದ್ದು ನಿನಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬೇಡಿ, ಗೊತ್ತಾಗುತ್ತದೆ. ಗಾಡಿಗೆ ಭಾರವಾಗಿ ಮೈಲೇಜ್ ಬೀಳುತ್ತದೆ ಅನ್ನುವವರಿಗೆ: ಎರಡು ಲೀಟರ್ ಪೆಟ್ರೋಲ್ ಒಂದೂವರೆ ಕಿಲೋ ಆಗುತ್ತದೆ, ನಿಮ್ಮ ಟಿಫಿನ್ ಬಾಕ್ಸಿನಷ್ಟು.

ಇನ್ನು ಇ-20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದಾಗಿನಿಂದ ಎಲ್ಲ ರೋಗಕ್ಕೂ ಅದರ ಮೇಲೇ ಗೂಬೆ ಕೂರಿಸುತ್ತಿದ್ದೇವೆ. ಅಳತೆ ಬಾಟಲಿಯಲ್ಲಿ ನೂರು ಎಂಎಲ್ ಪೆಟ್ರೋಲ್, ಹತ್ತು ಎಂಎಲ್ ನೀರು ಹಾಕಿ ಕುಲುಕಿ ನಿಲ್ಲಿಸಿ ನೋಡಿ. ಕೆಳಗಿನ ಪದರ ಹತ್ತಲ್ಲ, ಮೂವತ್ತರ ಹತ್ತಿರ ಬರುತ್ತದೆ. ನೀರು ಎಥೆನಾಲನ್ನು ಎಳೆದುಕೊಂಡು ಕೆಳಗೆ ಕೂರುತ್ತದೆ. ಸ್ವಲ್ಪ ನೀರನ್ನು ಇ-20 ತನ್ನಲ್ಲೇ ಕರಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಹೀಗೆ ಒಡೆಯುತ್ತದೆ. ಅಂದಮೇಲೆ ಒಂದು ಚಮಚ ನೀರು ಐದು ಲೀಟರಿನಲ್ಲಿ ಕರಗಿ ಹೋಗಬಹುದು, ಅರ್ಧ ಲೀಟರಿನಲ್ಲಿ ಪಂಪಿನ ಬಾಯಿಗೇ ಬರಬಹುದು. ಮಳೆಗಾಲದಲ್ಲಿ ಬಂದ ಗಾಡಿಯ ಟ್ಯಾಂಕ್ ಮುಚ್ಚಳದ ಹತ್ತಿರ ನೀರು ಹೊರಗೆ ಹರಿದುಹೋಗಲು ಇರುವ ಸಣ್ಣ ತೂತಿಗೆ ಮೊದಲು ತಂತಿ ಹಾಕುತ್ತೇನೆ. ಎರೆಮಣ್ಣಿನ ಧೂಳು ಕೂತು ಮುಚ್ಚಿದ್ದರೆ ಮಳೆ ನೀರು, ವಾಟರ್ ಸರ್ವಿಸ್ ನೀರು ಎರಡೂ ಒಳಗೆ. ಈ ತೂತು ನೋಡದೆ ಹೊಸ ಪಂಪ್ ಹಾಕಿ ಕಳಿಸಿದ ಗಾಡಿಗಳು ನನ್ನಲ್ಲಿಗೆ ಬಂದಿವೆ, ಎಲ್ಲಿಂದ ಅಂತ ಹೇಳುವುದಿಲ್ಲ.

ಈಗ ಗ್ಯಾರಂಟಿಯಲ್ಲಿ ವಾಪಸ್ ಬರುವುದು ನೂರಕ್ಕೆ ಮೂರೋ ನಾಲ್ಕೋ. ಮೊದಲು ಮೂರರಲ್ಲಿ ಒಂದು ಬರುತ್ತಿತ್ತು. ಒಂದು ಪಂಪಿನಲ್ಲಿ ಸಾಮಾನು, ಪೆಟ್ರೋಲು ಕಳೆದು ನಾನೂರು ಉಳಿಯುತ್ತದೆ.

ಕೊಟ್ಟು ಕಳಿಸುವ ಮುಂಚೆ ಎರಡು ಪರೀಕ್ಷೆ ಬಿಡುವುದಿಲ್ಲ. ಒತ್ತಡದ ಗೇಜ್ ಹಾಕಿ ಚಾವಿ ಹೊರಳಿಸಿದರೆ ಜುಂಯ್ ಅನ್ನುವ ಎರಡು ಸೆಕೆಂಡಿನಲ್ಲಿ ಮೂರು ಬಾರ್ ಆಸುಪಾಸು ಬರಬೇಕು, ಬಂದ್ ಮಾಡಿದ ಮೇಲೆ ತಟ್ಟನೆ ಬೀಳಬಾರದು. ಎರಡನೆಯದು ಆಂಪ್, ಅಂದರೆ ಪಂಪು ಎಳೆಯುವ ಕರೆಂಟು. ಸಣ್ಣ ಪಂಪು ಒಂದು-ಒಂದೂವರೆ ಆಂಪ್ ಎಳೆದರೆ ಸರಿ. ಗಾಳಿ ಎಳೆಯುತ್ತಿದ್ದರೆ ಮುಳ್ಳು ಇಳಿದು ಕುಣಿಯುತ್ತದೆ, ಬುಶ್ ಹಿಡಿದಿದ್ದರೆ ಏರಿ ನಿಲ್ಲುತ್ತದೆ. ಇದಕ್ಕೆ ತಂತಿಗೆ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಕೊಳ್ಳುವವರು ಡಿಸಿ ಆಂಪ್ ಓದುವಂಥದ್ದೇ ಕೇಳಿ. ಅಗ್ಗದವು ಬಹಳಷ್ಟು ಎಸಿ ಮಾತ್ರ ಓದುತ್ತವೆ, ಈ ಕೆಲಸಕ್ಕೆ ಬರುವುದಿಲ್ಲ. ರೊಕ್ಕ ಇಲ್ಲದಿದ್ದರೆ ಫ್ಯೂಸ್ ಕಿತ್ತು ಆ ಜಾಗದಲ್ಲಿ ಮಾಮೂಲಿ ಮಲ್ಟಿಮೀಟರನ್ನು ಹತ್ತು ಆಂಪಿನ ತೂತಿಗೆ ಜೋಡಿಸಿ ನೋಡಿ, ಸಾಕು.