ಮಾಂಡವಿಯಿಂದ ಕಾರವಾರಕ್ಕೆ, ಒಂದು ಕಿಲೋ ಲ್ಯಾಪ್‌ಟಾಪ್ ಜೊತೆ

ಕೆಲಸ ವಾಸ್ಕೊದಲ್ಲಿ, ಊರು ಕಾರವಾರ. ಬಸ್ಸಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ. ಗೆಳೆಯರೊಬ್ಬರ ಹಾಯಿದೋಣಿಯನ್ನು ಪಣಜಿಯಿಂದ ನಮ್ಮೂರಿಗೆ ಮುಟ್ಟಿಸುವುದಿತ್ತು. ದೋಣಿ ನಡೆಸುವ ತಾಂಡೇಲರು ಕಾರವಾರದ ಬೈತಕೋಲ ಬಂದರಿನವರು, ಕಣ್ಣು ಮುಚ್ಚಿಯೂ ದಾರಿ ಬಲ್ಲವರು. ಆದರೂ ನನ್ನ 11 ಇಂಚಿನ ಹಳೇ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡೆ. ತೂಕ ಕಿಲೋ ಆಸುಪಾಸು, ಒಳಗೆ ತಿರುಗುವ ಡಿಸ್ಕ್ ಇಲ್ಲ, ಅಲೆ ಹೊಡೆದರೂ ಚಿಂತೆಯಿಲ್ಲ.

ಅದರಲ್ಲಿ ಓಪನ್‌ಸಿಪಿಎನ್ ಎಂಬ, ಕಡಲ ನಕ್ಷೆಯ ಮೇಲೆ ದೋಣಿಯ ಜಾಗ ತೋರಿಸುವ ಉಚಿತ ತಂತ್ರಾಂಶ. ಜೊತೆಗೆ ಯುಎಸ್‌ಬಿಗೆ ಸಿಕ್ಕಿಸುವ, ಬಿಸ್ಕೀಟಿನಷ್ಟೇ ದೊಡ್ಡ ಜಿಪಿಎಸ್. ಮನೆಯಲ್ಲಿ ಮೊದಲ ಸಲ ಸಿಕ್ಕಿಸಿದಾಗ ಪರದೆ ಮೇಲಿನ ಬಾಣ ದೆವ್ವ ಹಿಡಿದಂತೆ ಕುಣಿಯಿತು. ಜಿಪಿಎಸ್ ಕಳಿಸುವ ಅಂಕಿಗಳನ್ನು ಕಂಪ್ಯೂಟರು ಮೌಸ್ ಎಂದು ತಿಳಿದಿತ್ತು! ಆ ಸುಳ್ಳು ಮೌಸನ್ನು ಡಿವೈಸ್ ಮ್ಯಾನೇಜರಿನಲ್ಲಿ ಬಂದ್ ಮಾಡಿ, ಅಂಕಿ ಓದುವ ವೇಗ 4800 ಬಾಡ್ ಇಟ್ಟ ಮೇಲೆ ದಾರಿಗೆ ಬಂತು. ಬೇರೆ ಕಿಂಡಿಗೆ ಸಿಕ್ಕಿಸಿದರೆ ಪೋರ್ಟ್ ನಂಬರೇ ಬದಲಾಗುತ್ತಿತ್ತು. ಹಾಗಾಗಿ ಒಂದೇ ಕಿಂಡಿಗೆ ಕೆಂಪು ಟೇಪ್ ಅಂಟಿಸಿಟ್ಟೆ.

ನಿಜವಾದ ತಲೆನೋವು ಕರೆಂಟು. ದೋಣಿಯ ಬ್ಯಾಟರಿ 12 ವೋಲ್ಟ್, ಲ್ಯಾಪ್‌ಟಾಪಿಗೆ ಬೇಕಾದ್ದು 19. ಮೊದಲು ಇನ್ವರ್ಟರ್ ಹಾಕಿ ನೋಡಿದ್ದೆ: 12ನ್ನು 230ಕ್ಕೆ ಏರಿಸಿ ಮತ್ತೆ 19ಕ್ಕೆ ಇಳಿಸುವುದು, ದಂಡ. ಕಾರಿನಲ್ಲಿ ಬಳಸುವ ಡಿಸಿ ಅಡಾಪ್ಟರ್ ತಂದೆ. ಯಂತ್ರಕ್ಕೆ ಸುಮಾರು 15 ವ್ಯಾಟ್, ಅಂದರೆ ನಷ್ಟ ಸೇರಿ ಒಂದೂವರೆ ಆಂಪಿಯರ್. ಹತ್ತು ತಾಸಿಗೆ 15 ಆಂಪಿಯರ್-ಅವರ್. ದೋಣಿ ಬ್ಯಾಟರಿಗೆ ಅದು ಭಾರವಲ್ಲ.

ಮಾಂಡವಿ ನದಿ ಕಡಲು ಸೇರುವ ಅಗ್ವಾದ ಬಾಯಿಯ ಮರಳುದಿಣ್ಣೆ ದಾಟುವಾಗ ನಾನು ಪರದೆ ನೋಡಲೇ ಇಲ್ಲ. ಮಳೆಗಾಲ ಬಂದುಹೋದ ಮೇಲೆ ಅಲ್ಲಿ ಮರಳು ಜಾಗ ಬದಲಿಸಿರುತ್ತದೆ, ನಕ್ಷೆಯ ಆಳ ನಂಬಿದರೆ ಕೆಟ್ಟೆವು. ನೀರಿನ ಬಣ್ಣ ನೋಡಿ ತಾಂಡೇಲರೇ ದಾಟಿಸಿದರು.

ಮುರ್ಗಾಂವ ದಾಟಿದ ಮೇಲೆ ನನ್ನ ತಪ್ಪು. ಲ್ಯಾಪ್‌ಟಾಪನ್ನು ಚುಕ್ಕಾಣಿ ಪಕ್ಕ, ದಿಕ್ಸೂಚಿಯ ಹತ್ತಿರವೇ ಇಟ್ಟೆ. ಸ್ವಲ್ಪ ಹೊತ್ತಿಗೆ ತಾಂಡೇಲರ ಹುಬ್ಬು ಗಂಟಿಕ್ಕಿತು.

"ತಮಾ, ಆ ಡಬ್ಬಿ ಅಲ್ಲಿಂದ ತೆಗಿ. ಸೂಜಿ ಸುಳ್ಳು ಹೇಳ್ತದೆ."

ಹೌದು, ಸ್ಪೀಕರಿನಲ್ಲೂ ಮುಚ್ಚಳದಲ್ಲೂ ಅಯಸ್ಕಾಂತ ಇರುತ್ತದೆ. ಒಳಗೆ ಒಯ್ದಿಟ್ಟ ಕೂಡಲೇ ಸೂಜಿ ಹತ್ತು ಡಿಗ್ರಿಯಷ್ಟು ಹಿಂದೆ ಸರಿಯಿತು. ನಾಚಿಕೆಯಾಯಿತು.

ಒಳಗಿದ್ದದ್ದೇ ಒಳ್ಳೆಯದಾಯ್ತು ಅನ್ನಿ. ಹೊರಗೆ ಬಿಸಿಲಿಗೆ ಪರದೆಯಲ್ಲಿ ನನ್ನ ಮುಖ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮುಂದೆ ಒಳಗಿನಿಂದ ನಾನು ವೇಗ, ದೂರ ಕೂಗುವುದು, ಅವರು ಹೊರಗಿನಿಂದ ಹೂಂ ಅನ್ನುವುದು. ಕಾಬೊ ದೆ ರಾಮ ಭೂಶಿರ ಎಡಕ್ಕೆ ಸರಿಯಿತು. ಐದು ನಾಟ್ (ತಾಸಿಗೆ ಸುಮಾರು ಒಂಬತ್ತು ಕಿಲೋಮೀಟರ್) ವೇಗದಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಕಂಡಾಗ ಬೆಳಕು ಇನ್ನೂ ಇತ್ತು.

ಕಟ್ಟೆಗೆ ಹಗ್ಗ ಕಟ್ಟಿದ ಮೇಲೆ ತಾಂಡೇಲರು ಒಳಗೆ ಬಂದು, ನಾವು ಬಂದ ಕೆಂಪು ಗೆರೆಯನ್ನು ಬೆರಳಲ್ಲಿ ಅಗ್ವಾದದಿಂದ ಹಿಡಿದುಕೊಂಡು ಬಂದರು. ಮುರ್ಗಾಂವದ ಕೆಳಗೆ ಗೆರೆ ಕಡಲ ಕಡೆ ಸ್ವಲ್ಪ ಸೊಟ್ಟಗಾಗಿತ್ತು. ಅಲ್ಲೇ ಬೆರಳಿಟ್ಟು ನನ್ನ ಮುಖ ನೋಡಿ ನಕ್ಕರು.